ಅಂಗಿಗೆ ಸಿಗದಂಥದ್ದು

ಕಮರುದ್ದೀನನ ಬಂದೂಕಿನ ಅಂಗಡಿ ಹುಬ್ಬಳ್ಳಿಯ ಹಳೇ ಪೇಟೆಯಲ್ಲಿ, ಪಾತ್ರೆ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿತ್ತು. ಕಿರಿದಾದ ಮೆಟ್ಟಿಲು ಹತ್ತಿ ಒಳಗೆ ಕಾಲಿಟ್ಟವರಿಗೆ ಬಂದೂಕಿಗಿಂತ ಮೊದಲು ಕಾಣುವುದು ಆಳೆತ್ತರದ ಕನ್ನಡಿ. ದರ್ಜಿಯ ಅಂಗಡಿಗೆ ತಪ್ಪಿ ಬಂದೆನೇನೋ ಎಂದು ಶಿವಯೋಗೀಶ ಬಾಗಿಲಲ್ಲೇ ನಿಂತುಬಿಟ್ಟ. ಕಚೇರಿಯಿಂದ ಕಚೇರಿಗೆ ತಿಂಗಳುಗಟ್ಟಲೆ ಚಪ್ಪಲಿ ಸವೆಸಿ ಪಡೆದ ಲೈಸನ್ಸು ಅವನ ಕಿಸೆಯಲ್ಲಿತ್ತು.

“ಬರ್ರಿ, ಒಳಗ ಬರ್ರಿ. ಎಂಥಾದ್ದು ಬೇಕ್ರಿ?” ಎಂದ ಕಮರುದ್ದೀನ.

“ಸಣ್ಣದು. ಯಾರ ಕಣ್ಣಿಗೂ ಬೀಳಬಾರ್ದು, ದಿನಾ ಮೈಮ್ಯಾಲ ಇರಬೇಕು. ಮತ್ತ…” ಶಿವಯೋಗೀಶ ಅಂಗಿಯ ಅಂಚು ಹಿಡಿದು ತೋರಿಸಿದ. “ಅಂಗಿಗೆ ಸಿಗಬಾರ್ದ್ರಿ.”

ಬಂದವನು ಯಾರೆಂದು ಕಮರುದ್ದೀನನಿಗೆ ಗುರುತು ಸಿಕ್ಕಿತು. ಕೆಲಗೇರಿ ಕೆರೆಯ ದಂಡೆಯ ಮೇಲೆ ಹೋದ ವರ್ಷ ನಡೆದದ್ದು ಹುಬ್ಬಳ್ಳಿ-ಧಾರವಾಡದಲ್ಲಿ ಯಾರಿಗೆ ಗೊತ್ತಿಲ್ಲ? ಶಿವಯೋಗೀಶನ ಅಣ್ಣ ಬಸವಕಿರಣ ಅಂದು ಸೊಂಟದಲ್ಲಿ ರಿವಾಲ್ವರ್ ಇಟ್ಟುಕೊಂಡೇ ಸತ್ತಿದ್ದ. ಕೊಂದವನು ಹೊರಗಿನವನಲ್ಲ, ಚಿಕ್ಕಪ್ಪನ ಮಗ ಉದಯಕುಮಾರ. ಕೆರೆಯ ಪಕ್ಕದ ಹೊಲ ಪ್ಲಾಟಾಗುವ ಕಾಲ ಬಂದಿತು, ಪಾಲಿನ ಮಾತು ಎದ್ದಿತು. ಹುಟ್ಟುತ್ತಾ ಅಣ್ಣತಮ್ಮಂದಿರು, ಬೆಳೆಯುತ್ತಾ ದಾಯಾದಿಗಳು ಅನ್ನುವುದನ್ನು ನಮ್ಮ ಹಿರಿಯರು ಸುಮ್ಮನೆ ಕಟ್ಟಲಿಲ್ಲ. ಅಣ್ಣನ ಕೈ ಅಂಗಿಯೊಳಗೆ ಹೋದದ್ದನ್ನು, ಹೊರಗೆ ಬಾರದೇ ಹೋದದ್ದನ್ನು, ಕುಡಗೋಲು ಎರಡು ಸಲ ಎದ್ದು ಬಿದ್ದದ್ದನ್ನು ಕಂಡವನು ಶಿವಯೋಗೀಶ ಒಬ್ಬನೇ. ಸಾಕ್ಷಿಯೂ ಅವನೊಬ್ಬನೇ. ಉದಯಕುಮಾರ ಜಾಮೀನಿನ ಮೇಲೆ ಹೊರಗಿದ್ದಾನೆ, ಬರುವ ಸೋಮವಾರ ಧಾರವಾಡದ ಕೋರ್ಟಿನಲ್ಲಿ ಶಿವಯೋಗೀಶ ಬಾಯಿ ಬಿಡಬೇಕು. ಅಲ್ಲಿಯವರೆಗೆ ಜೀವ ಉಳಿಸಿಕೊಳ್ಳಬೇಕು.

“ಅಣ್ಣಂದು ಉದ್ದಂದು ಇತ್ರಿ. ಅಂಗಿಗೆ ಸಿಕ್ಕೊಂತು. ಇಲ್ಲಾಂದ್ರ ಇವತ್ತ ಅಂವ ಇರ್ತಿದ್ದ,” ಎಂದ ಶಿವಯೋಗೀಶ. ಈ ಮಾತನ್ನು ಅವನು ಪೊಲೀಸರಿಗೆ ಹೇಳಿದ್ದ, ಬೀಗರಿಗೆ ಹೇಳಿದ್ದ, ಮಣ್ಣಿಗೆ ಬಂದವರಿಗೆಲ್ಲ ಹೇಳಿದ್ದ. ಹೇಳಿ ಹೇಳಿ ಅದು ಬಾಯಿಪಾಠದಷ್ಟು ಸಲೀಸಾಗಿತ್ತು.

ಕಮರುದ್ದೀನ ಗಾಜಿನ ಪೆಟ್ಟಿಗೆಯ ಮೇಲೆ ಹಸಿರು ಬಟ್ಟೆ ಹಾಸಿ ಮೂರು ಪಿಸ್ತೂಲುಗಳನ್ನು ಇಟ್ಟ. “ನೋಡ್ರಿ, ಈ ದೊಡ್ಡದು ಕೈಗೆ ಛಲೋ ಕೂಡತೈತಿ, ಆದ್ರ ಕುಂತಾಗ ಪಕ್ಕಡಿ ಎಲುಬಿಗೆ ಒತ್ತತೈತಿ, ಅಂಗಿ ಉಬ್ಬತೈತಿ. ಈ ಸಣ್ಣದು ಪ್ಯಾಂಟಿನ ಕಿಸೇದಾಗೂ ಮುಚ್ಚಿಹೋಗ್ತದ. ಖರೇ, ಕಿರಿಬೆರಳಿಗೆ ಜಾಗಾ ಇಲ್ಲ, ಹಾರಿಸಿದ್ರ ಕೈಯಾಗ ನಿಲ್ಲೂದಿಲ್ಲ. ಈ ನಡುವಿಂದು ಐತಲ್ರಿ, ಹೊಲಕ್ಕೂ ನಡೀತೈತಿ, ಪೇಟಿಗೂ ನಡೀತೈತಿ, ಮದವಿ ಮನಿಗೂ ನಡೀತೈತಿ. ನಾನಾಗಿದ್ರ ಇದನ್ನ ಆರಸ್ತಿದ್ದೆ.”

“ಬಗಲಾಗ ಕಟ್ಟಕೊಂಡ್ರ?”

“ಅದರ ಪಟ್ಟಿ ಎದಿ ಮ್ಯಾಲ ಹಾಯತೈತ್ರಿ. ನಿಮ್ಮ ಎದಿ ಮ್ಯಾಲ ಲಿಂಗ ಐತಿ. ಸೊಂಟಕ್ಕ ಕಟ್ರಿ.”

ಶಿವಯೋಗೀಶ ಈಗಲೇ ಕೊಡಿ ಎಂದ. ಕಮರುದ್ದೀನ ಇಲ್ಲವೆಂದು ತಲೆಯಾಡಿಸಿ, ಒಳಗಿಂದ ಕಟ್ಟಿಗೆಯ ಪಿಸ್ತೂಲೊಂದನ್ನು ತಂದ. ಅವನ ತಂದೆ ಬಡಿಗನಿಂದ ಮಾಡಿಸಿದ್ದು. ಹೊಟ್ಟೆಯೊಳಗೆ ಸೀಸ ಹುಯ್ದು ಕಬ್ಬಿಣದಷ್ಟೇ ಭಾರ ಬರುವಂತೆ ಮಾಡಿದ್ದರು.

“ನಮ್ಮ ಅಂಗಡಿ ನೇಮ ಹಿಂಗ್ರಿ. ಮದಲ ಇದನ್ನ ಕಟಗೊಂಡ ತಿರಗ್ರಿ. ಉಣ್ಣೂವಾಗ, ಗಾಡಿ ಹೊಡಿಯೂವಾಗ ಮೈಮ್ಯಾಲ ಇರಲಿ. ಹೊಸಾ ಚಪ್ಪಲಿ ಕಡೀತೈತಲ್ರಿ, ಇದೂ ಕಡೀತೈತಿ. ಎಲ್ಲಿ ಕಡೀತು ಅಂತ ಬಂದ ಹೇಳ್ರಿ, ಆಮ್ಯಾಲ ಖರೇದು ಕೊಡ್ತೇನಿ.”

ಪ್ರಾಣದ ಪ್ರಶ್ನೆ ಇದ್ದವನಿಗೆ ಕಟ್ಟಿಗೆಯ ಆಟಿಕೆ ಕೊಟ್ಟು ಕಳಿಸುತ್ತಾನಲ್ಲ ಎಂದು ಶಿವಯೋಗೀಶನಿಗೆ ಸಿಟ್ಟು ಬಂತು. ಆದರೂ ಕಟ್ಟಿಕೊಂಡ. ಕನ್ನಡಿಯ ಮುಂದೆ ನಿಂತು ಅಂಗಿಯ ಅಂಚು ಎತ್ತಿ ತೆಗೆಯಲು ಹೋದಾಗ ಅವನಿಗೆ ಕಂಡದ್ದು ತನ್ನ ಕೈಯಲ್ಲ. ಅಣ್ಣನ ಕೈ. ಅಂಗಿಯೊಳಗೆ ಹೋಗಿ ಅಲ್ಲೇ ನಿಂತ ಆ ಕೈ. ಅವನು ಕನ್ನಡಿಯಿಂದ ಕಣ್ಣು ಕಿತ್ತು ಮೆಟ್ಟಿಲಿಳಿದ.

ಆ ಕೈ ಒಂದು ವರ್ಷದಿಂದ ಅವನ ಬೆನ್ನು ಬಿಟ್ಟಿರಲಿಲ್ಲ. ಬಸ್ಸಿನಲ್ಲಿ ಕಂಡಕ್ಟರ್ ಚಿಲ್ಲರೆಗೆ ಚೀಲದೊಳಗೆ ಕೈ ಹಾಕಿದರೆ ಅದು ಕಾಣುತ್ತಿತ್ತು. ಹೆಂಡತಿ ಸೌಮ್ಯಾ ಸೆರಗಿನೊಳಗಿಂದ ಕೀಲಿಕೈ ತೆಗೆದರೂ ಕಾಣುತ್ತಿತ್ತು. ಕನಸಿನಲ್ಲಿ ಅಣ್ಣನಿಗೆ ಮುಖವೇ ಇರುತ್ತಿರಲಿಲ್ಲ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಅದರೊಳಗೆ ಹೊರಗೆ ಬಾರದ ಕೈ, ಅಷ್ಟೇ. ತೆಗಿ ಅಣ್ಣಾ, ತೆಗಿ, ಎಂದು ಕೂಗಿಕೊಂಡು ಎದ್ದು ಕೂರುತ್ತಿದ್ದ.

ಕಟ್ಟಿಗೆಯ ಪಿಸ್ತೂಲು ಸೊಂಟಕ್ಕೆ ಬಂದ ಮೇಲೆ ಒಂದು ಬದಲಾವಣೆ ಆಯಿತು. ಅವನ ಬಲಮೊಳಕೈ ಪಕ್ಕೆಗೆ ಅಂಟಿಕೊಂಡಿತು. ನಡೆದರೂ ಕೂತರೂ ಕೈ ತಾನಾಗಿ ಅಲ್ಲಿಗೆ ಹೋಗಿ ಮುಟ್ಟಿ ಬರುತ್ತಿತ್ತು. ಹಾಲಿನವನು ಗಂಟೆ ಬಾರಿಸಿದರೆ ಹೋಯಿತು, ಬೆನ್ನ ಹಿಂದೆ ಮೋಟರ್‌ಸೈಕಲ್ಲು ನಿಂತರೆ ಹೋಯಿತು. ಉದಯಕುಮಾರ ಓಣಿಯ ಕೊನೆಯ ಚಹಾದ ಅಂಗಡಿಯಲ್ಲಿ ಆಗಾಗ ಕಾಣಿಸಿಕೊಳ್ಳುತ್ತಿದ್ದ. ಬೆದರಿಸುತ್ತಿರಲಿಲ್ಲ, ಬೈಯುತ್ತಿರಲಿಲ್ಲ. ಒಂದು ದಿನ ಶಿವಯೋಗೀಶನ ತಾಯಿ ಮುರಿಗೆವ್ವ ತರಕಾರಿ ಹಿಡಿದುಕೊಂಡು ಬರುವಾಗ, “ದೊಡ್ಡವ್ವಾ, ಊಟಾ ಆತ?” ಎಂದು ಕೇಳಿಬಿಟ್ಟ. ಚಿಕ್ಕಂದಿನಿಂದ ಬಂದ ರೂಢಿ, ಬಾಯಿ ತಪ್ಪಿ ಬಂದಿರಬೇಕು. ತಾಯಿಯನ್ನು ಕಳೆದುಕೊಂಡ ಅವನನ್ನು ತನ್ನ ಇಬ್ಬರು ಮಕ್ಕಳ ನಡುವೆ ಕೂರಿಸಿ ಉಣಿಸಿ ಬೆಳೆಸಿದವಳು ಈ ಮುರಿಗೆವ್ವನೇ. ಮುದುಕಿ ನೇರ ಮನೆಗೆ ಬಂದಳು, ಅವತ್ತು ಸಂಜೆ ಒಲೆ ಹಚ್ಚಲಿಲ್ಲ.

ಗುರುವಾರ ಮುಂಜಾನೆ ಶಿವಯೋಗೀಶ ಜಳಕ ಮಾಡಿ, ವಿಭೂತಿ ಹಚ್ಚಿ, ಎಡ ಅಂಗೈಯಲ್ಲಿ ಲಿಂಗ ಹಿಡಿದು ಪೂಜೆಗೆ ಕೂತಿದ್ದ. ಪೂಜೆ ಮುಗಿಯುವಷ್ಟರಲ್ಲಿ ಸರಕಾರಿ ವಕೀಲರ ಫೋನು ಬಂತು. ಸೋಮವಾರದ ಮಾತು ಖಾಯಂ, ಇವತ್ತೇ ಬಂದು ಕಾಣಬೇಕು ಎಂದರು. ಅವನು ಗಡಿಬಿಡಿಯಲ್ಲಿ ಎದ್ದ. ಅಂಗಿ ಹಾಕಿಕೊಂಡ, ಸೊಂಟಕ್ಕೆ ಕಟ್ಟಿಗೆ ಕಟ್ಟಿಕೊಂಡ, ಎರಡೆರಡು ಸಲ ಮುಟ್ಟಿ ನೋಡಿ ಹೊರಬಿದ್ದ. ವಕೀಲರ ಮುಂದೆ ಮತ್ತೆ ಅದೇ ಮಾತು ಒಪ್ಪಿಸಿದ. ಖಾನಾವಳಿಯಲ್ಲಿ ರೊಟ್ಟಿ ಉಂಡ. ಮಧ್ಯಾಹ್ನ ಪೇಟೆಯಲ್ಲಿ ಗಿರಮಿಟ್ಟು ತಿಂದು ಚಹಾ ಕುಡಿದ. ಹೊತ್ತು ಮುಳುಗುವಾಗ ಮನೆಗೆ ಬಂದರೆ ಸೌಮ್ಯಾ ಕಟ್ಟೆಯ ಮೇಲೇ ನಿಂತಿದ್ದಳು.

“ಎಲ್ಲಿ ಹೋಗಿದ್ರಿ? ಫೋನ್ ಹಚ್ಚಿದ್ರ ಎತ್ತವಲ್ರಿ. ಅತ್ತಿಯಾರು ಮುಂಜಾನಿಂದ ಒಂದ ಗುಟುಕು ನೀರ ಸೈತ ಕುಡದಿಲ್ಲ. ಒಳಗ ಹೋಗಿ ನೋಡ್ರಿ.”

ದೇವರ ಕೋಣೆಯಲ್ಲಿ ಮುರಿಗೆವ್ವ ಗೋಡೆಗೆ ಒರಗಿ ಕೂತಿದ್ದಳು. ಅವಳ ಎಡ ಅಂಗೈ ಮೇಲೆ ಮಗನ ಇಷ್ಟಲಿಂಗ ಇತ್ತು. ಅದರ ಬೆಳ್ಳಿಯ ಕರಡಿಗೆಯೂ ಶಿವದಾರವೂ ಮಡಿಲಲ್ಲಿದ್ದವು. ದಿನವಿಡೀ ಹಾಗೇ ಹಿಡಿದ ಕೈ ಬಾತಿತ್ತು. ಶಿವಯೋಗೀಶ ಎದೆ ಮುಟ್ಟಿ ನೋಡಿಕೊಂಡ. ಖಾಲಿ. ದೀಕ್ಷೆ ಆದಾಗಿನಿಂದ ಸಾಯುವ ತನಕ ಮೈ ಬಿಡಬಾರದ ಲಿಂಗವನ್ನು ಮನೆಯಲ್ಲಿ ಬಿಟ್ಟು ಅವನು ಊರು ಸುತ್ತಿ ಬಂದಿದ್ದ. ಲಿಂಗವಿಲ್ಲದ ಮೈಯಲ್ಲಿ ಉಂಡಿದ್ದ, ಕುಡಿದಿದ್ದ. ದಿನವೆಲ್ಲ ಕೈ ಎಷ್ಟೋ ಸಲ ಸೊಂಟಕ್ಕೆ ಹೋಗಿತ್ತು. ಎದೆಗೆ ಒಂದು ಸಲವೂ ಹೋಗಿರಲಿಲ್ಲ. ನಾಚಿಕೆ, ಹೆದರಿಕೆ ಎರಡೂ ಒಟ್ಟಿಗೆ ಬಂದವು.

“ಅವ್ವಾ, ತಪ್ಪಾತವ್ವಾ.”

“ಕುಂದರು,” ಎಂದಳು ಮುದುಕಿ. ಲಿಂಗವನ್ನು ಕರಡಿಗೆಯಲ್ಲಿಟ್ಟು ಅವನ ಕೊರಳಿಗೆ ಕಟ್ಟಿದಳು. ಗಂಟು ಹಾಕಲು ಆಕೆಯ ಬೆರಳಿಗೆ ಬಹಳ ಹೊತ್ತು ಬೇಕಾಯಿತು. ಕಟ್ಟುವಾಗ ಮೊಳಕೈ ಅವನ ಸೊಂಟಕ್ಕೆ ತಾಗಿತು. “ಇದೇನಿದು?”

ಅವನು ಎಲ್ಲಾ ಹೇಳಿದ. ಬೈಯುತ್ತಾಳೆಂದು ತಲೆ ತಗ್ಗಿಸಿ ಕೂತ. ಮುರಿಗೆವ್ವ ಬೈಯಲಿಲ್ಲ. “ನಾಳಿ ನಾನೂ ಬರ್ತೇನಿ ನಡಿ. ಕಾಯಿಪಲ್ಯಾ ಆರಿಸಾಕ ಬರಲಾರದಾವ ಇದನ್ನೇನ ಆರಸ್ತೀ?” ಎಂದವಳು ನೀರು ಕೇಳಿ ಕುಡಿದಳು.

ಮರುದಿನ ಕಮರುದ್ದೀನನ ಮೆಟ್ಟಿಲನ್ನು ಮುರಿಗೆವ್ವ ಗೋಡೆ ಹಿಡಿದು ಹತ್ತಿದಳು. ಅವನು ಗಡಬಡಿಸಿ ಕುರ್ಚಿ ತಂದ. ಅವಳು ಕೂರಲಿಲ್ಲ.

“ತಮ್ಮಾ, ಇವಗ ಯಾವದು ಹೊಂದತೈತಿ, ಅದನ್ನ ಕೊಡು. ಖರೇದ ಕೊಡು. ಅಂಗಿಗೆ ಸಿಗಲಾರದ್ದು.”

ಕಮರುದ್ದೀನ ನಡುವಿನ ಪಿಸ್ತೂಲನ್ನು ಬಿಚ್ಚಿ, ಒಳಗೆ ಗುಂಡಿಲ್ಲವೆಂದು ಬೆರಳು ಹಾಕಿ ನೋಡಿ, ಇಬ್ಬರಿಗೂ ತೋರಿಸಿ ಶಿವಯೋಗೀಶನ ಸೊಂಟಕ್ಕೆ ಸಿಕ್ಕಿಸಿದ. ಶಿವಯೋಗೀಶ ಕನ್ನಡಿಗೆ ಮುಖ ಮಾಡಿ ಎಡಗೈಯಿಂದ ಅಂಗಿ ಎತ್ತಿ ಬಲಗೈಯಿಂದ ತೆಗೆದ. ಬೆಣ್ಣೆಯೊಳಗಿಂದ ಕೂದಲು ತೆಗೆದಷ್ಟು ಸಲೀಸಾಗಿ ಬಂತು. ಇನ್ನೊಂದು ಸಲ ತೆಗೆದ, ಬಂತು. ಮತ್ತೊಂದು ಸಲವೂ ಬಂತು. ವರ್ಷದ ಮೇಲೆ ಮೊದಲ ಬಾರಿಗೆ ಅವನ ಮುಖದಲ್ಲಿ ನಗು ಕಾಣಿಸಿತು.

“ನೋಡವ್ವಾ! ಅಣ್ಣನ ಕಡೆ ಇದ ಇದ್ದಿದ್ರ…”

ಮುರಿಗೆವ್ವ ನಾಲ್ಕು ಹೆಜ್ಜೆ ನಡೆದು ಕನ್ನಡಿಯ ಪಕ್ಕಕ್ಕೆ ಬಂದು ನಿಂತಳು. “ನನ್ನ ಕಡೆ ತಿರಗು. ಈಗ ತಗಿ.”

“ಅವ್ವಾರ, ಬ್ಯಾಡ್ರಿ!” ಕಮರುದ್ದೀನ ಕೂಗಿದ. “ಖಾಲಿ ಇದ್ರೂ ಅದರ ಬಾಯಿ ಮುಂದ ಯಾರೂ ನಿಂದರಬಾರ್ದ್ರಿ.”

“ಇಂವ ತಗಿಯೂವಾಗ ಮುಂದ ಕನ್ನಡಿ ನಿಂದರತೈತೇನ? ಉದಯ ನಿಂದರ್ತಾನ. ಇವನ ಗಂಗಾಳದಾಗ ಕೂಡಿ ಉಂಡಾವ. ಇಬ್ಬರಿಗೂ ಉಣಿಸಿದಾಕಿ ನಾ. ನನ್ನ ಮುಂದ ತಗದ್ರ ಅವನ ಮುಂದೂ ತಗೀತಾನ. ತಗಿಯಪಾ.”

ಶಿವಯೋಗೀಶ ಪಿಸ್ತೂಲನ್ನು ಮತ್ತೆ ಸೊಂಟಕ್ಕೆ ಸಿಕ್ಕಿಸಿ, ಅವಳತ್ತ ತಿರುಗಿ ಎಡಗೈಯಿಂದ ಅಂಗಿ ಎತ್ತಿದ. ಬಲಗೈ ಹೋಗಿ ಹಿಡಿಕೆಯ ಮೇಲೆ ಕೂತಿತು. ಎದುರಿಗೆ ಅವ್ವನ ಮುಖ ಇತ್ತು, ಹಣೆಯ ಮೇಲೆ ವಿಭೂತಿಯ ಮೂರು ಗೆರೆ. ಕೈ ಮೇಲೆ ಬರಲಿಲ್ಲ. ಅವನು ಜೋರು ಮಾಡಿದ, ಆದರೂ ಬರಲಿಲ್ಲ. ಅಂಗಿ ಎಲ್ಲೂ ಸಿಕ್ಕಿರಲಿಲ್ಲ. ಅದರ ಅಂಚು ಅವನ ಎಡ ಮುಷ್ಟಿಯಲ್ಲೇ ಇತ್ತು. ಕನ್ನಡಿಯತ್ತ ಕಣ್ಣು ಹೊರಳಿಸಿದ. ಅಲ್ಲಿ ಬಿಳಿ ಅಂಗಿಯೊಳಗೆ ಒಂದು ಕೈ ಸುಮ್ಮನೆ ನಿಂತಿತ್ತು. ವರ್ಷವೆಲ್ಲ ಅವನನ್ನು ಕಾಡಿದ ಕೈ ಅದೇ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ.

ಕೆರೆಯ ದಂಡೆ ಕಣ್ಣಿಗೆ ಕಟ್ಟಿತು. ಉದಯ ಎದುರಿಗೆ ಬರುತ್ತಿದ್ದಾನೆ. ಅಣ್ಣನ ಎಡಗೈ ಅಂಗಿಯನ್ನು ಪೂರ್ತಿ ಎತ್ತಿ ಹಿಡಿದಿದೆ. ಬಲಗೈ ರಿವಾಲ್ವರಿನ ಮೇಲಿದೆ. ಅಣ್ಣ ಉದಯನ ಮುಖವನ್ನೇ ನೋಡುತ್ತಿದ್ದಾನೆ. ನೋಡುತ್ತಲೇ ಇದ್ದಾನೆ. ಇದೆಲ್ಲವನ್ನೂ ಶಿವಯೋಗೀಶ ಅಂದೇ ಕಂಡಿದ್ದ. ಕಂಡದ್ದನ್ನು ತಡೆದುಕೊಳ್ಳಲು ಆಗದೆ ತಪ್ಪನ್ನು ಅಂಗಿಯ ಮೇಲೆ ಹಾಕಿದ್ದ.

“ಅವ್ವಾ,” ಎಂದ. “ಅಂಗಿ ಸಿಕ್ಕಿದ್ದಿಲ್ಲವ್ವಾ. ಅಣ್ಣಗ ತಗಿಯಾಕ ಬರ್ತಿತ್ತು. ಅಂವ ತಗೀಲಿಲ್ಲ.”

“ಗೊತ್ತೈತಿ,” ಎಂದಳು ಮುರಿಗೆವ್ವ. “ಸತ್ತೂರ ದವಾಖಾನ್ಯಾಗ ಗುರ್ತ ಹಿಡಿಯಾಕ ಅಂತ ಆ ಅಂಗಿ ನನಗ ತೋರಿಸಿದ್ರು. ಮ್ಯಾಲೆಲ್ಲಾ ರಕ್ತ. ಕೆಳಗಿನ ಅಂಚು ಮಾತ್ರ ನಾ ಇಸ್ತ್ರಿ ಮಾಡಿಕೊಟ್ಟಂಗ ಇತ್ತು, ಒಂದ ಎಳಿ ಸೈತ ಹರದಿದ್ದಿಲ್ಲ. ಸಿಕ್ಕಿದ್ರ ಹರೀಬೇಕಿತ್ತಲ್ಲಾ?”

“ಮತ್ತ ಯಾಕ ಹೇಳಲಿಲ್ಲ ನೀ?”

“ನಿನಗ ಅಂಗಿ ಮ್ಯಾಲ ಸಿಟ್ಟ ಇರಲಿ ಅಂತ ಬಿಟ್ಟೆ. ಅಣ್ಣನ ಮ್ಯಾಲ ಸಿಟ್ಟ ಬರಬಾರ್ದಲ್ಲ.” ಅವಳು ಅವನ ಬಲಗೈಯನ್ನು ಹಿಡಿಕೆಯಿಂದ ಬಿಡಿಸಿದಳು. ಬೆರಳು ಒಂದೊಂದಾಗಿ ಬಿಡಿಸಬೇಕಾಯಿತು. “ನನ್ನ ಒಂದ ಕೂಸು ಕುಡಗೋಲು ಎತ್ತಿ ಕಡೀತು, ಇನ್ನೊಂದ ಕೂಸಿನ ಕೈ ನಿಂತಿತು. ಕೈ ನಿಂತದ್ದನ್ನ ನೆನಸ್ಕೊಂಡೇ ಇಷ್ಟ ದಿನಾ ನಾ ತುತ್ತು ನುಂಗೇನಿ.”

ಶಿವಯೋಗೀಶ ಕನ್ನಡಿಗೆ ಹಣೆ ಹಚ್ಚಿ ಅತ್ತ. ಅಣ್ಣ ಸತ್ತ ಮೇಲೆ ಅವನು ಅಷ್ಟು ಅತ್ತಿರಲಿಲ್ಲ. ಕಮರುದ್ದೀನ ಪಿಸ್ತೂಲು ತೆಗೆದಿಟ್ಟು, ಹಸಿರು ಬಟ್ಟೆ ಮಡಚಿ, ಕೆಳಗಿನ ಅಂಗಡಿಗೆ ಚಹಾ ಹೇಳಿಕಳಿಸಿದ. ಯಾವುದು ಬೇಕೆಂದು ಮತ್ತೆ ಕೇಳಲಿಲ್ಲ.

ಚಹಾ ಕುಡಿದು, ಏನೂ ಕೊಳ್ಳದೆ ಕೆಳಗಿಳಿದಾಗ ಪೇಟೆ ತುಂಬಿತ್ತು. ಹೆದರಿಕೆ ಎಲ್ಲಿಗೂ ಹೋಗಿರಲಿಲ್ಲ. ಉದಯಕುಮಾರ ಜಾಮೀನಿನ ಮೇಲೇ ಇದ್ದ, ಸೋಮವಾರ ಬರುವುದೂ ತಪ್ಪುತ್ತಿರಲಿಲ್ಲ. ಕೋರ್ಟಿನಲ್ಲಿ ಇನ್ನು ಕಂಡದ್ದನ್ನು ಕಂಡಂತೆ ಹೇಳಬೇಕು, ಅಣ್ಣನ ಕೈ ತಾನಾಗಿ ನಿಂತಿತು ಎಂದು ಕೊಂದವನ ಎದುರೇ ಹೇಳಬೇಕು. ಅದನ್ನು ಕೇಳಿಸಿಕೊಂಡು ಉದಯ ಹೇಗೆ ನಿಲ್ಲುತ್ತಾನೋ ನೋಡಬೇಕು. ಯಾರದೋ ಮೋಟರ್‌ಸೈಕಲ್ಲು ಹಿಂದೆ ಬಂದು ಗಕ್ಕನೆ ನಿಂತಿತು. ಶಿವಯೋಗೀಶ ಬೆಚ್ಚಿ ತಿರುಗಿದ.

“ಹಿಂದ ನೋಡಬ್ಯಾಡ. ನೀ ಮುಂದ ನಡಿ,” ಎಂದಳು ಮುರಿಗೆವ್ವ, ಸೆರಗು ಬಿಗಿದು ಅವನ ಬೆನ್ನ ಹಿಂದೆ ಬಂದು ನಿಲ್ಲುತ್ತ. “ಕಡಿಯಾಕ ಬಂದಾವಗ ಮದಲ ನಾ ಸಿಗ್ತೇನಿ. ಅವನ ಕೈ ನಿಂದರತೈತೋ ಇಲ್ಲೋ, ನಾ ನೋಡಕೋತೇನಿ.”