ಮೂರನೇ ಪೀರಿಯಡ್ಡಿನ ಬಿಸಿಲು

ಈ ಗೋಡೆಗೆ ಹನ್ನೊಂದು ಗಂಟೆಗೆ ಬಿಸಿಲು ಬೀಳುತ್ತದೆ ಎಂದು ನನಗೆ ಗೊತ್ತೇ ಇರಲಿಲ್ಲ, ಹನ್ನೆರಡು ವರ್ಷದಿಂದ ಇದೇ ರಸ್ತೆ, ಬೆಳಿಗ್ಗೆ ಏಳೂವರೆಗೆ ಹೋಗುವಾಗ ನೆರಳು, ಸಂಜೆ ಬರುವಾಗಲೂ ನೆರಳು, ನಡುವೆ ಹೀಗೆ ಬೆಳಗುತ್ತದೆಂದು ಯಾರೂ ಹೇಳಲಿಲ್ಲ — ಯಾರು ಹೇಳಬೇಕು, ಗೋಡೆಯೇ — ಮೇಲಿನ ಮನೆಯವಳು ಚಾಪೆ ಕೊಡವುತ್ತಿದ್ದಾಳೆ, ಧೂಳು ಅವಸರವಿಲ್ಲದೆ ಇಳಿಯುತ್ತಿದೆ, ಏನ್ ಟೀಚರ್ ಇಷ್ಟು ಬೇಗ, ಹುಷಾರಿಲ್ವಾ, ಹುಷಾರಾಗಿದೀನಿ, ಈಗ ತಾನೆ ಹುಷಾರಾದೆ ಎನ್ನಬೇಕೆಂದುಕೊಂಡೆ, ರಜಾ ಅಂದೆ ಅಷ್ಟೆ, ಶಾಲೆಯಲ್ಲಿ ಈಗ ಮೂರನೇ ಪೀರಿಯಡ್, ನಾನು ಏಳು ಬಿ-ಯಲ್ಲಿರಬೇಕು, ಒಂಬತ್ತು ಎ-ಯಲ್ಲೂ ಇರಬೇಕು, ಎರಡೂ ಕಡೆ ಇಲ್ಲ, ಇಲ್ಲಿದ್ದೇನೆ, ಐದು ದಿನದಿಂದ ಎದೆಯ ಮೇಲೆ ಕೂತಿದ್ದ ಕಲ್ಲು ಎಲ್ಲಿ ಬಿತ್ತೋ, ಪ್ರಿನ್ಸಿಪಾಲ್ ಮೇಡಂ ಮೇಜಿನ ಮೇಲೇ ಬಿದ್ದಿರಬೇಕು, ಅಲ್ಲೇ ಇರಲಿ.

ಮೂವತ್ತೊಂದು ಜನ ಟೀಚರುಗಳ, ಹದಿನಾರು ತರಗತಿಗಳ ವೇಳಾಪಟ್ಟಿ ಮಾಡುವವಳು ನಾನೇ, ಇಷ್ಟು ವರ್ಷದಲ್ಲಿ ಒಬ್ಬರನ್ನೂ ಒಂದೇ ಹೊತ್ತಿಗೆ ಎರಡು ಕಡೆ ನಿಲ್ಲಿಸಿದವಳಲ್ಲ, ಅದರ ಜಂಬ ಬೇರೆ, ಆ ಜಂಬದಲ್ಲೇ ಮನೆಗೂ ಒಂದು ಮಾಡಿ ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದೆ, ಶಾಲೆಗೆ ಹಸಿರು, ಅಡುಗೆಗೆ ಕೆಂಪು, ನನಗೆಂದೇ ಹಳದಿ ಹದಿನೈದು ನಿಮಿಷ, ಆ ಹದಿನೈದು ನಿಮಿಷವೂ ಪಟ್ಟಿಗೆ ಬಣ್ಣ ಹಚ್ಚುವುದರಲ್ಲೇ ಹೋಗುತ್ತಿತ್ತು, ನಂಗ್ಯಾವ ಬಣ್ಣ ಅಂತ ಗಂಡ ಕೇಳಿದ್ದ, ಮಿಕ್ಕಿದ ಬಿಳಿಯೆಲ್ಲ ನಿಮ್ದೇ ಅಂದಿದ್ದೆ, ಪಾಪ, ಹುಡುಕಿ ಸುಸ್ತಾದ. ಹೋದ ವಾರ ಅಪ್ಪನಿಗೆ ನೀಲಿ ಹಚ್ಚಿದೆ, ಸಂಜೆ ಆರರಿಂದ ಆರು ನಲವತ್ತು — ಡಾಕ್ಟರು ಗಂಟಲಿನ ಚಿತ್ರ ತೋರಿಸಿ ಹೇಳಿದ ದಿನವೇ, ಗಡ್ಡೆ ಧ್ವನಿಪೆಟ್ಟಿಗೇಲಿದೆ, ಬೇರೆಲ್ಲೂ ಹರಡಿಲ್ಲ, ಪೆಟ್ಟಿಗೆ ತೆಗೆದ್ರೆ ಜೀವಕ್ಕೆ ಭಯ ಇಲ್ಲ, ದನಿ ಮಾತ್ರ ಹೋಗುತ್ತೆ, ಇನ್ನು ಹದಿನಾಲ್ಕು ದಿನಕ್ಕೆ ಆಪರೇಷನ್, ಅಷ್ಟರಲ್ಲಿ ಮಾತಾಡೋದೇನಿದ್ರೂ ಮಾತಾಡ್ಕೊಳ್ಳಿ — ಎಪ್ಪತ್ತೆರಡು ವರ್ಷ ಆಡಿದ್ದು ಸಾಲ್ದಾ ಡಾಕ್ಟ್ರೇ ಎಂದ ಅಪ್ಪ, ಡಾಕ್ಟರು ನಕ್ಕರು, ನಾನು ಮನೆಗೆ ಬಂದವಳೇ ಬಣ್ಣದ ಪೆನ್ಸಿಲ್ಲಿನ ಡಬ್ಬ ಹುಡುಕಿದೆ, ಅಳಬೇಕಾದ ಹೊತ್ತಿನಲ್ಲಿ ನೀಲಿ ಪೆನ್ಸಿಲ್ ಚೂಪು ಮಾಡುತ್ತ ಕೂತೆ, ಎಂಥವಳು ನಾನು.

ನಲವತ್ತು ನಿಮಿಷ ಎಂದರೆ ಒಂದು ಪೀರಿಯಡ್, ಕೈಗೆ ಅದೇ ಅಭ್ಯಾಸ, ಮೊಬೈಲಿನಲ್ಲಿ ರೆಕಾರ್ಡ್ ಒತ್ತು, ತಮ್ಮ ದೂರದೂರಿಂದ ಕಳಿಸಿದ ಪ್ರಶ್ನೆಗಳನ್ನು ತೆಗೆ, ಅಕ್ಕ, ಮೂವತ್ತಿವೆ, ಒಂದೂ ಬಿಡ್ಬೇಡ, ಜೀವನದ ಮರೆಯಲಾಗದ ಘಟನೆ ಯಾವುದು, ಮಕ್ಕಳಿಗೆ ನಿಮ್ಮ ಕಿವಿಮಾತೇನು, ಎಲ್ಲ ಐದೈದು ಅಂಕದವು — ಅಪ್ಪನಿಗೆ ಮನುಷ್ಯರ ಜೊತೆ ಮಾತು ಎಲ್ಲಿ ಬರುತ್ತದೆ, ಬೀಗ ರಿಪೇರಿಯವನು, ನಲವತ್ತು ವರ್ಷ ಬೀಗಗಳ ಜೊತೆ ಮಾತಾಡಿದವನು, ಬಾ ಮರಿ, ಹಟ ಮಾಡ್ಬೇಡ, ಇನ್ನೊಂಚೂರು ತಿರುಗು, ಹಾಂ, ಜಾಣಮರಿ — ಅಂಗಡಿಯ ಸ್ಟೂಲಿನ ಮೇಲೆ ಕೂತು ಅದನ್ನು ಕೇಳುತ್ತ ಬೀಗದ ಮೇಲೆ ಹೊಟ್ಟೆಕಿಚ್ಚು ಪಟ್ಟವಳು ನಾನು, ನನ್ನನ್ನು ಕರೆಯುವುದು ಗಡಿಬಿಡಿ ಎಂದು, ಮೂರು ವಾರ ಮೊದಲೇ ಹುಟ್ಟಿದೆನಂತೆ, ನರ್ಸು ಅಂಗಿಯ ತೋಳು ಮಡಚುವುದರೊಳಗೆ. ಇವತ್ತು ಬೆಳಿಗ್ಗೆ ಬಸ್ಸಿನಲ್ಲಿ ಇಯರ್‌ಫೋನ್ ಸಿಕ್ಕಿಸಿ ನಿನ್ನೆಯದನ್ನು ಹಾಕಿದರೆ ತುಂಬಾ ನನ್ನದೇ ದನಿ, ಹೇಳಪ್ಪಾ, ಆಮೇಲೆ, ಹೂಂ ಅದು ಗೊತ್ತು, ಮುಂದೆ, ಇನ್ನು ಹತ್ತೇ ನಿಮಿಷ ಇದೆ — ಓದಿಕೊಂಡು ಬರದ ಹುಡುಗನನ್ನು ಎಬ್ಬಿಸಿ ನಿಲ್ಲಿಸಿದ ಹಾಗೆ — ಕೊನೆಗೆ ಅಪ್ಪ, ಒಡೆದ ದನಿಯಲ್ಲಿ, ನಿಮ್ಮಮ್ಮ ಒಂದ್ಸಲ ಅಂಗಡಿಗೆ ಒಂದು ಟ್ರಂಕು ತಂದ್ಲು, ಬೀಗ ತೆಗೆದುಕೊಡ್ತೀರಾ ಅಂತ, ಆಗಿನ್ನೂ ಅವಳು ಯಾರೋ ನಾನು ಯಾರೋ, ತೆಗೆದು ನೋಡಿದ್ರೆ ಒಳಗೆ — ಟ್ರಿಣ್, ಆರು ನಲವತ್ತರ ಅಲಾರಂ, ಹೋಗು ಗಡಿಬಿಡಿ, ನಿಂಗೆ ಹೊತ್ತಾಯ್ತು, ನಾಳೆ ಹೇಳ್ತೀನಿ, ಸರಿ ಅಪ್ಪ — ಸರಿ ಅಪ್ಪ ಎಂದಿದ್ದೇನೆ, ಎಷ್ಟು ಸಲೀಸಾಗಿ, ಎಂದು ಕುಕ್ಕರಿಡಲು ಎದ್ದೇ ಹೋಗಿದ್ದೇನೆ, ಅಮ್ಮ ಹೋಗಿ ಆರು ವರ್ಷ, ಈ ಟ್ರಂಕಿನ ಕಥೆ ಇನ್ಯಾರಿಗೆ ಗೊತ್ತು, ಬಸ್ಸಿನ ಕಂಬಿ ಹಿಡಿದು ಅಪ್ಪನ ಬಳಿ ಉಳಿದ ನಾಳೆಗಳನ್ನು ಎಣಿಸಿದೆ, ಒಂಬತ್ತು.

ಹಾಗೆ ಎಣಿಸುತ್ತ ಇಳಿದವಳಿಗೆ ಮೊದಲ ಪೀರಿಯಡ್ಡಿಗೇ ಕರೆ ಬಂತು, ಪ್ರಿನ್ಸಿಪಾಲ್ ಮೇಡಂ ಮೇಜಿನ ಮೇಲೆ ಇವತ್ತಿನಿಂದ ಶುರುವಾಗುವ ನನ್ನ ಹೊಸ ವೇಳಾಪಟ್ಟಿ, ಅದರಲ್ಲಿ ಎರಡು ಕೆಂಪು ಸುತ್ತು, ಏನ್ ಟೀಚರ್ ಇದು, ಮೂರನೇ ಪೀರಿಯಡ್ಡಿಗೆ ಏಳು ಬಿ-ಲೂ ನೀವೇ, ಒಂಬತ್ತು ಎ-ಲೂ ನೀವೇ, ನಿಮ್ಮಿಂದ ಇಂಥ ತಪ್ಪಾ — ಹೌದು, ನನ್ನದೇ ಹೆಸರು, ನನ್ನದೇ ಅಕ್ಷರ, ನಾಚಿಕೆಯಾಗಬೇಕಿತ್ತು, ನಗು ಬಂತು, ಐದು ದಿನದಿಂದ ನಾನು ಎರಡು ಕೋಣೆಯಲ್ಲಿ ನಿಂತು ಯಾವುದರಲ್ಲೂ ಇರಲಿಲ್ಲ, ಅದನ್ನೇ ಯಾರೋ ಕೆಂಪಿನಲ್ಲಿ ಸುತ್ತಿ ಕೊಟ್ಟಿದ್ದರು, ಮೇಡಂ, ಒಂಬತ್ತು ದಿನ ರಜಾ ಬೇಕು, ಇವತ್ತಿಂದ್ಲೇ, ಎಂದೆ. ನಿಮ್ಮ ತಂದೆಯವರ ವಿಷಯ ಗೊತ್ತು, ಬೇಜಾರಾಗುತ್ತೆ, ಆದ್ರೆ ಗುರುವಾರ ನಿಮ್ಮ ಇಂಟರ್‌ವ್ಯೂ, ವೈಸ್ ಪ್ರಿನ್ಸಿಪಾಲ್ ಕುರ್ಚಿ ಇನ್ನು ಹತ್ತು ವರ್ಷ ಖಾಲಿಯಾಗಲ್ಲ, ಮನೇನೂ ಶಾಲೇನೂ ತೂಗಿಸ್ಕೊಂಡು ಹೋಗ್ಬೇಕು, ನಾವೆಲ್ಲ ಹೋಗ್ತಿಲ್ವಾ — ಒಳ್ಳೆಯ ಹೆಂಗಸು, ಅವರ ಮುಂದಿನ ಟೀ ಕೂಡ ತಣ್ಣಗಾಗಿ ಕೆನೆ ಕಟ್ಟಿತ್ತು — ತೂಗಿಸಿ ತೂಗಿಸಿ ಕೈ ಸೋತಿದೆ ಮೇಡಂ, ಕುರ್ಚಿ ಹೋಗ್ಲಿ, ಎಂದೆ, ಆ ಕುರ್ಚಿ ನನಗೆ ಬೇಕಿತ್ತು, ಸುಳ್ಳೇಕೆ, ಎರಡು ವರ್ಷ ಅದರ ಕನಸು ಕಂಡಿದ್ದೇನೆ, ಈಗಲೂ ಒಳಗೆಲ್ಲೋ ಚುಳ್ಳೆನ್ನುತ್ತದೆ, ಆದರೆ ಹಗುರಾಗಿದೆ. ಪಟ್ಟಿಯನ್ನು ಡ್ರಾಯಿಂಗ್ ಟೀಚರ್ ಕೈಗೆ ಕೊಟ್ಟೆ, ಅಯ್ಯೋ, ನಂಗೆ ಬಣ್ಣ ತುಂಬೋಕೆ ಬರುತ್ತೆ, ಪೀರಿಯಡ್ ತುಂಬೋಕೆ ಎಲ್ಲಿ ಬರುತ್ತೆ ಎಂದರು, ತುಂಬ್ಬೇಡಿ, ಖಾಲಿ ಬಿಡಿ, ಮಕ್ಕಳು ಆಡ್ಕೊಳ್ಳಲಿ — ಗೇಟು ದಾಟುವಾಗ ಆಕಾಶವೇನೂ ಕಳಚಿ ಬೀಳಲಿಲ್ಲ, ನನ್ನ ಮೊದಲ ಪೀರಿಯಡ್ಡಿನ ಕ್ಲಾಸಿನಿಂದ ಗಲಾಟೆ ಕೇಳಿಸಿತು, ಖುಷಿಯ ಗಲಾಟೆ, ನಾನಿಲ್ಲದ್ದಕ್ಕೆ. ಬಿಡುವೇ ಸಿಗಲ್ಲ ಎಂದು ಹನ್ನೆರಡು ವರ್ಷ ಗೊಣಗಿದ್ದೇನೆ, ಬೋರ್ಡಿನ ಮೇಲೆ ಧಾತು, ಪ್ರತ್ಯಯ ಎಂದು ಪದ ಬಿಡಿಸುವವಳು ಈ ಒಂದು ಪದವನ್ನು ಬಿಡಿಸಿ ನೋಡಲಿಲ್ಲ, ಏನನ್ನಾದರೂ ಬಿಟ್ಟರೆ ತಾನೆ ಬಿಡುವು.

ನಮ್ಮ ಮನೆ ಬಾಗಿಲು ಓರೆಯಾಗಿದೆ, ಒಳಗೆ ಯಾರೋ ಮಾತಾಡುತ್ತಿದ್ದಾರೆ, ಅಪ್ಪನೇ, ಯಾರ ಜೊತೆ, ಯಾರೂ ಇಲ್ಲ — ಬಚ್ಚಲಿನ ನಲ್ಲಿ ಬಿಚ್ಚಿಟ್ಟುಕೊಂಡು ಅದಕ್ಕೆ ಬುದ್ಧಿ ಹೇಳುತ್ತಿದ್ದಾನೆ, ನಿಂಗೇನು ಕಮ್ಮಿ ಮಾಡಿದೀನಿ, ಹೊಸಾ ವಾಷರ್ ಹಾಕ್ದೆ, ತುಕ್ಕು ಉಜ್ಜಿದೆ, ಇನ್ನೂ ತೊಟ್ಟಿಕ್ತೀಯಲ್ಲ, ಮಾನ ಇಲ್ವಾ — ಉಳಿದ ದನಿಯನ್ನೆಲ್ಲ ನಲ್ಲಿಗೆ ಸುರಿಯುತ್ತಿದ್ದಾನೆ, ಹಗಲೆಲ್ಲ ಹೀಗೇ ಇರಬೇಕು, ನಾನು ಆರು ಗಂಟೆಗೆ ರೆಕಾರ್ಡ್ ಒತ್ತುವ ಹೊತ್ತಿಗೆ ಒಳ್ಳೊಳ್ಳೆಯ ಮಾತೆಲ್ಲ ಕೊಳಾಯಿಯ ಪಾಲಾಗಿರುತ್ತದೆ, ಏನೇ ಗಡಿಬಿಡಿ, ಕೆಲಸದಿಂದ ತೆಗೆದ್ರಾ, ಇಲ್ಲಪ್ಪ, ರಜಾ ಹಾಕಿದೆ, ಒಂಬತ್ತು ದಿನ, ಒಂಬತ್ತಾ — ಎಂದ, ಗಂಟಲಮಣಿ ಮೇಲೇರಿತು, ಇಳಿಯಿತು, ಬಿಳಿ ಕುರುಚಲಿನ ನಡುವೆ ಎಷ್ಟು ದೊಡ್ಡದು, ಇದನ್ನೂ ತೆಗೆಯುತ್ತಾರೆ, ಡಾಕ್ಟರು ಹೇಳಿದ್ದರು, ನಾನು ಆಗ ತಾರೀಖು ಬರೆದುಕೊಳ್ಳುತ್ತಿದ್ದೆ — ಒಳ್ಳೇದಾಯ್ತು ಬಿಡು ಎಂದ, ಮಣಿ ಏರಿತು, ಇಳಿಯಿತು, ಈ ಸ್ಪ್ಯಾನರ್ ಹಿಡ್ಕೋ. ಹಿಡಿದುಕೊಂಡು ಒದ್ದೆ ನೆಲದ ಮೇಲೇ ಕೂತೆ, ಮೊಬೈಲು ಚೀಲದಲ್ಲಿದೆ, ಚೀಲ ಬಾಗಿಲಲ್ಲಿದೆ, ಇರಲಿ, ಅಪ್ಪಾ, ನಿನ್ನೆ ಅಮ್ಮನ ಟ್ರಂಕಿನ ವಿಷಯ ಹೇಳ್ತಿದ್ಯಲ್ಲ, ಒಳಗೇನಿತ್ತು, ಒಳಗಾ, ಏನೋ ಇತ್ತು ಕಣೇ, ನಿನ್ನೆ ಬಾಯಿಗೇ ಬಂದಿತ್ತು, ಈಗ ಹೋಯ್ತಲ್ಲ, ಇರು ಬರುತ್ತೆ — ನಿನ್ನೆಯಾಗಿದ್ದರೆ ಎಂಟನೇ ಪ್ರಶ್ನೆಗೆ ಹಾರುತ್ತಿದ್ದೆ, ಈಗ ಬೆನ್ನು ಗೋಡೆಗೆ ಒರಗಿದೆ, ಕಾಲು ಚಾಚಿದೆ, ಬರಲಿ, ಇವತ್ತೇ ಬರಬೇಕೆಂದಿಲ್ಲ, ಬಾರದೇ ಹೋದರೂ ನಾನಿಲ್ಲಿದ್ದೇನೆ, ಅಪ್ಪ ಕಣ್ಣು ಕಿರಿದು ಮಾಡಿ ಬಾಯಿ ತೆರೆದ, ಮಣಿ ಮೇಲೇರಿತು, ನೀರಿನ ಒಂದು ಹನಿ ಬಿತ್ತು, ಇನ್ನೊಂದು, ಮಣಿ ಅಲ್ಲೇ ನಿಂತಿದೆ, ತೆಳ್ಳನೆಯ ಚರ್ಮದ ಕೆಳಗೆ, ಮಾತಿಗೆ ಮುಂಚೆ, ಮೇಲೇ, ಇನ್ನೂ ಇಳಿದಿಲ್ಲ, ಆ ಮಣಿ