ಬರುವ ದಾರಿಯ ಭಾರ

"ಎತ್ತರ ಎಷ್ಟು ಬೇಕು ಅಂತ ಆಮೇಲೆ ಹೇಳಿ ಭಾವ. ಮೊದ್ಲು ಭಾರ ಎಷ್ಟು ಅಂತ ಹೇಳಿ." ಮೆಕ್ಯಾನಿಕ್ ಜೀಪಿನ ಹಿಂದಿನ ಚಕ್ರದ ಪಕ್ಕ ಕುಕ್ಕರಗಾಲಲ್ಲಿ ಕೂತು, ಟೇಪಿನ ತುದಿಯನ್ನು ಮಡ್‌ಗಾರ್ಡಿನ ಅಂಚಿಗೆ ಸಿಕ್ಕಿಸಿದ.

ಭಾವ ಮಗುಚಿ ಹಾಕಿದ್ದ ಪ್ಲಾಸ್ಟಿಕ್ ಕ್ರೇಟಿನ ಮೇಲೆ ಕೂತಿದ್ದರು. ಅಕ್ಕನ ಗಂಡ, ಪೇಟೆಗೆಲ್ಲ ಬ್ರೆಡ್ಡು ಬನ್ನು ಬೇಯಿಸಿಕೊಟ್ಟ ಬೇಕರಿಯವರು. ಅವರ ಮೊಬೈಲಿನಲ್ಲಿ ಮಾಮೂಲಿಗಿಂತ ನಾಲ್ಕು ಇಂಚು ಮೇಲೆದ್ದು ನಿಂತ ಯಾವನದೋ ಗಾಡಿಯ ಚಿತ್ರವಿತ್ತು.

"ಇದನ್ನ ನೋಡೋ. ಹೆಂಗೆ ನಿಂತಿದೆ, ಸಿಂಹದ ಥರ!"

"ಸಿಂಹ ಅಲ್ಲ, ಒಂಟೆ. ಅಷ್ಟು ಎತ್ತಿದ್ರೆ ತಿರುವಿನಲ್ಲಿ ಮಗ್ಗುಲಾಗುತ್ತೆ. ಕೆಳಗೆ ಶಾಫ್ಟು ನಡುಗುತ್ತೆ, ಬ್ರೇಕ್ ಪೈಪು ಎಟುಕಲ್ಲ. ಹೊಟ್ಟೆಗೆ ಹಿಟ್ಟಿಲ್ಲದಿದ್ರೂ ಜುಟ್ಟಿಗೆ ಮಲ್ಲಿಗೆ ಹೂವು ಅಂದ ಹಾಗೆ. ನಿಮಗೆ ಎರಡು ಇಂಚು ಧಾರಾಳ."

"ಬೇಕರಿಯವನಿಗೇ ಹಿಟ್ಟಿಲ್ಲ ಅಂತೀಯಲ್ಲೋ!"

ಭಾವ ನಗತೊಡಗಿದರು. ನಗು ಅರ್ಧಕ್ಕೇ ನಿಂತು ಕೈ ಹೊಟ್ಟೆಯ ಮೇಲೆ ಹೋಯಿತು. ಮೆಕ್ಯಾನಿಕ್ ನೋಡಿಯೂ ನೋಡದವನ ಹಾಗೆ ಟೇಪಿನತ್ತ ಬಗ್ಗಿದ. ಒಂದು ಕಾಲಕ್ಕೆ ಆ ಹೊಟ್ಟೆಯನ್ನು ಸ್ಟೇರಿಂಗಿನ ಹಿಂದೆ ತೂರಿಸುವುದೇ ಒಂದು ಸಾಹಸವಾಗಿತ್ತು. ಈಗ ಅಂಗಿ ಮೊಳೆಗೆ ನೇತುಹಾಕಿದ ಹಾಗೆ ಜೋಲುತ್ತಿತ್ತು. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ? ಹೊಟ್ಟೆಯ ಆಪರೇಷನ್ ಆದಮೇಲೆ ಡಾಕ್ಟರು ಅಕ್ಕನನ್ನು ಮಾತ್ರ ಪಕ್ಕಕ್ಕೆ ಕರೆದು, ಅವರಿಗೆ ಎಲ್ಲಿಗೆ ಹೋಗುವ ಆಸೆಯಿದೆಯೋ ಅಲ್ಲಿಗೆ ಕರೆದುಕೊಂಡು ಹೋಗಿ, ತಡ ಮಾಡಬೇಡಿ ಅಂದಿದ್ದರು. ಅಕ್ಕ ಅದನ್ನು ತಮ್ಮನಿಗೆ ಫೋನಿನಲ್ಲಿ ಹೇಳಿದ್ದಳು. ಗಂಡನಿಗೆ ಹೇಳಿರಲಿಲ್ಲ.

ಭಾವನಿಗೆ ಇದ್ದದ್ದು ಒಂದೇ ಆಸೆ. ಕಲ್ಲುದಾರಿ ದಾಟಿ ಮರಳುಗಾಡಿಗೆ ಹೋಗಬೇಕು, ಅಲ್ಲಿ ಬೆಳಗಾಗುವುದನ್ನು ನೋಡಬೇಕು. ಇದೂ ಒಂದು ಆಸೆಯೇ ಅಂತ ಯಾರಾದರೂ ಕೇಳಿಯಾರು. ಆದರೆ ಬೇಕರಿಯವನ ಬದುಕೇ ಹಾಗೆ. ಊರಿಗಿಂತ ಮೊದಲು ಎದ್ದು ಒಲೆಯ ಮುಂದೆ ನಿಂತರೆ, ತಿರುಗಿ ನೋಡುವಾಗ ಬಿಸಿಲು ಬಾಗಿಲಿಗೆ ಬಂದಿರುತ್ತದೆ. ಹಬೆಯಾಡುವ ಬ್ರೆಡ್ಡನ್ನು ವ್ಯಾನಿಗೆ ಹೇರಿ ಅಂಗಡಿ ಅಂಗಡಿಗೆ ಹಾಕಿ ಬರುತ್ತಿದ್ದವಳು ಅಕ್ಕ. ಬೆಳಗನ್ನೆಲ್ಲ ಅವಳು ನೋಡಿದಳು, ಬಂದು ವರ್ಣಿಸಿದಳು. ಇವರು ಹಿಟ್ಟು ನಾದುತ್ತಾ ಕೇಳಿದರು.

"ಮೂರು ಥರ ಸ್ಪ್ರಿಂಗು ಇದೆ," ಎಂದು ಮೆಕ್ಯಾನಿಕ್ ಬೆಂಚಿನ ಮೇಲೆ ಸುರುಳಿಗಳನ್ನು ಸಾಲಾಗಿ ನಿಲ್ಲಿಸಿದ. "ಎಲ್ಲದ್ದೂ ಎತ್ತರ ಒಂದೇ, ಗಟ್ಟಿತನ ಬೇರೆ. ಮೆತ್ತಗಿನದು ಖಾಲಿ ಗಾಡಿಗೆ. ಮಧ್ಯದ್ದು ಅರೆಬರೆ ಸಾಮಾನಿಗೆ. ಗಟ್ಟಿದು ಯಾವಾಗ್ಲೂ ಭಾರ ಹೊರೋ ಗಾಡಿಗೆ. ಭಾರ ಇಲ್ದೆ ಗಟ್ಟಿದು ಹಾಕಿದ್ರೋ, ಕಲ್ಲು ಸಿಕ್ಕಿದ ಕಡೆಯೆಲ್ಲ ಗಾಡಿ ಹೋರಿ ಥರ ಎಗರುತ್ತೆ. ಸೊಂಟ ಮುರಿಯುತ್ತೆ."

"ಗಟ್ಟಿದೇ ಹಾಕು. ನೀರಿನ ಟ್ಯಾಂಕು, ಡೀಸೆಲ್ ಕ್ಯಾನು, ಎರಡು ಸ್ಟೆಪ್ನಿ, ಟೆಂಟು. ಆಮೇಲೆ ನನ್ನ ಸಣ್ಣ ಕಬ್ಬಿಣದ ಒಲೆ."

"ಮರಳುಗಾಡಿಗೆ ಒಲೆ ಯಾಕೆ ಭಾವ?"

"ಕಂಡೋರು ಮಾಡಿದ ಬ್ರೆಡ್ಡು ತಿನ್ನಲ್ಲ ಕಣಯ್ಯಾ ನಾನು." ಭಾವ ಡ್ರೈವರ್ ಕಡೆಯ ಚಕ್ರದತ್ತ ಕೈ ತೋರಿಸಿದರು. "ನನ್ನ ಬಿಲ್ಲೆ ಮರೀಬೇಡ ಮತ್ತೆ."

ಬಿಲ್ಲೆಯ ಕಥೆ ಮನೆಯವರಿಗೆಲ್ಲ ಗೊತ್ತಿತ್ತು. ಜೀಪು ಕೊಂಡ ಹೊಸತರಲ್ಲಿ ಭಾವ ಹತ್ತಿ ಕೂತರೆ ಗಾಡಿ ಅವರ ಕಡೆಗೇ ವಾಲುತ್ತಿತ್ತು. ಕೊನೆಗೆ ಮೆಕ್ಯಾನಿಕ್ ಆ ಕಡೆಯ ಸ್ಪ್ರಿಂಗಿನ ತಲೆಯ ಮೇಲೆ ದಪ್ಪ ರಬ್ಬರಿನ ಬಿಲ್ಲೆಯೊಂದನ್ನು ಕೂರಿಸಿ ಸಮ ಮಾಡಿದ್ದ. ಅವರು ಇಳಿದಾಗ ಗಾಡಿ ಉಸ್ಸೆಂದು ಮೇಲೇಳುತ್ತಿತ್ತು. "ನೋಡಿ, ಪಾಪ, ಈಗ ಉಸಿರು ಬಂತು ಅದಕ್ಕೆ," ಎಂದು ಅಕ್ಕ ಬೀದಿಗೆಲ್ಲ ಕೇಳುವ ಹಾಗೆ ನಗುತ್ತಿದ್ದಳು.

"ಮರೆಯಲ್ಲ," ಎಂದ ಮೆಕ್ಯಾನಿಕ್. "ಆದ್ರೆ ನನ್ನ ಪದ್ಧತಿ ಗೊತ್ತಲ್ಲ? ಹೊರಡೋ ದಿನ ಏನೇನು ಹೇರ್ತೀರೋ ಎಲ್ಲಾ ಹೇರ್ಕೊಂಡು, ನೀವೂ ಅಕ್ಕನೂ ಕೂತು ಬನ್ನಿ. ಎಷ್ಟು ಕುಗ್ಗುತ್ತೆ ನೋಡಿ ಸ್ಪ್ರಿಂಗು ಆರಿಸೋದು."

ವಾರ ಕಳೆಯುವುದರೊಳಗೆ ಅವರು ಬಂದರು. ಜೀಪಿನ ಹಿಂಭಾಗ ಬಸುರಿ ಹಸುವಿನ ಹಾಗೆ ಜಗ್ಗಿತ್ತು. ಭಾವ ಸ್ಟೇರಿಂಗ್ ಹಿಡಿದು ಕೂತಿದ್ದರು. ದಾರಿಯುದ್ದಕ್ಕೂ ಓಡಿಸಿದ್ದು ಅಕ್ಕ, ಗ್ಯಾರೇಜಿನ ತಿರುವಿನಲ್ಲಿ ಸೀಟು ಬದಲಾಯಿಸಿಕೊಂಡಿದ್ದರು. ಅಕ್ಕ ಅದನ್ನು ಕಣ್ಣಿನಲ್ಲೇ ತಿಳಿಸಿದಳು.

ಮೆಕ್ಯಾನಿಕ್ ನಾಲ್ಕೂ ಮೂಲೆ ಅಳೆದ. ಡ್ರೈವರ್ ಕಡೆ ಹೆಬ್ಬೆರಳಿನಷ್ಟು ತಗ್ಗಿತ್ತು. ಬಿಲ್ಲೆ ಇದ್ದೂ ತಗ್ಗು! ಅವನ ಎದೆ ಒಂದು ಗಳಿಗೆ ಹಗುರಾಯಿತು. ಭಾವ ಮತ್ತೆ ಮೈ ತುಂಬಿಕೊಳ್ಳುತ್ತಿದ್ದಾರೋ ಏನೋ, ಡಾಕ್ಟರುಗಳಿಗೇನು ಗೊತ್ತು ಅಂದುಕೊಂಡು ತಲೆಯೆತ್ತಿದ. ಕಿಟಕಿಯ ಅಂಚಿನ ಮೇಲೆ ಭಾವನ ಮೊಣಕೈ ಇತ್ತು. ಅದರಲ್ಲಿ ಮೂಳೆಯೇ ಎಲ್ಲ.

ಅವನು ಹಿಂದಿನ ಬಾಗಿಲು ತೆಗೆದ. ಡ್ರೈವರ್ ಸೀಟಿನ ಬೆನ್ನಿಗೆ ಒತ್ತಿ, ಕಂಬಳಿ ಹೊದಿಸಿದ ಏನೋ ಕೂತಿತ್ತು. ಕಂಬಳಿಯ ತುದಿ ಎತ್ತಿದ. ಮೈದಾ ಮೂಟೆ, ಹೊಲಿಗೆ ಬಿಚ್ಚದ್ದು.

ಅಕ್ಕ ತಟ್ಟನೆ ಇಳಿದು ಬಂದು, "ನೀರು ಎಲ್ಲಿದೆ ತೋರ್ಸೋ," ಎಂದು ಅವನನ್ನು ನಲ್ಲಿಯ ಹತ್ತಿರ ಎಳೆದುಕೊಂಡು ಹೋದಳು.

"ಏನಕ್ಕಾ ಅದು?"

"ಮೆತ್ತಗೆ ಮಾತಾಡೋ. ನಿನಗೆ ಬಿಲ್ಲೆ ಬೇಡ ಅಂತ ಅನ್ನಿಸಿದ್ರೆ ನೀನು ಅಂದುಬಿಡ್ತೀಯ. ಅವರ ಮುಂದೇನೇ ಅಂದುಬಿಡ್ತೀಯ, ನಿನ್ನ ಬಾಯಿ ನಂಗೊತ್ತಿಲ್ವಾ? ಅವ್ರು ಹಗುರಾಗಿರೋದು ನಂಗೊತ್ತು, ನಿಂಗೊತ್ತು. ಗಾಡಿಗೂ ಗೊತ್ತಾಗೋದು ಬೇಡ."

"ಅಳತೆ ತಪ್ಪುತ್ತಲ್ಲಕ್ಕಾ."

"ತಪ್ಪಲಿ. ನಿನ್ನ ಅಳತೆ ಕಟ್ಕೊಂಡು ನಾನೇನು ಮಾಡ್ಲಿ?" ಅಕ್ಕ ನಲ್ಲಿ ತಿರುಗಿಸಿ ಮುಖಕ್ಕೆ ನೀರು ಎರಚಿಕೊಂಡಳು. ನೀರು ಬಿಟ್ಟುಕೊಂಡೇ ಅತ್ತಳು.

ತಪ್ಪು ಅಂತ ಗೊತ್ತಿದ್ದೇ ಮೆಕ್ಯಾನಿಕ್ ಆ ತಪ್ಪಿಗೆ ಕೈ ಹಾಕಿದ. ಬೇರೆ ಯಾರ ಗಾಡಿಯಾಗಿದ್ದರೂ ಪಾನಾ ಕೆಳಗಿಟ್ಟು ಜಗಳ ಕಾಯುತ್ತಿದ್ದ. ಭಾವನನ್ನು ಇಳಿಸಿ ಕ್ರೇಟಿನ ಮೇಲೆ ಕೂರಿಸಿ, ಜಾಕಿ ಕೊಟ್ಟು ಎತ್ತಿ, ಚಾಸಿಸಿನ ಕೆಳಗೆ ಸ್ಟ್ಯಾಂಡು ನಿಲ್ಲಿಸಿ, ಚಕ್ರ ಬಿಚ್ಚಿದ. ಹಳೆಯ ಶಾಕ್ ಅಬ್ಸಾರ್ಬರುಗಳು ಎಣ್ಣೆ ಸೋರಿ ಧೂಳು ಮೆತ್ತಿಕೊಂಡಿದ್ದವು. ಆಕ್ಸಲು ಕೆಳಗಿಳಿಸಿ, ಸೋತುಹೋಗಿದ್ದ ಸ್ಪ್ರಿಂಗುಗಳನ್ನು ತೆಗೆದು, ಗಟ್ಟಿ ಸ್ಪ್ರಿಂಗು ಕೂರಿಸಿದ. ಡ್ರೈವರ್ ಕಡೆ ಬಿಲ್ಲೆಯನ್ನು ಒರೆಸಿ, ಭಾವನಿಗೆ ಕಾಣುವ ಹಾಗೆ ಒಮ್ಮೆ ಎತ್ತಿ ಹಿಡಿದು, ಅದರ ಜಾಗದಲ್ಲಿಟ್ಟ.

"ಹಾಂ! ಅದೇ ಮತ್ತೆ," ಎಂದರು ಭಾವ ಕ್ರೇಟಿನ ಮೇಲಿಂದ.

ಊಟದ ಹೊತ್ತು ಮೀರಿ ಚಕ್ರಗಳು ನೆಲ ಮುಟ್ಟಿದವು. ಬೋಲ್ಟುಗಳನ್ನು ಮಾತ್ರ ಮೆಕ್ಯಾನಿಕ್ ಇನ್ನೂ ಬಿಗಿದಿರಲಿಲ್ಲ. ಗಾಡಿ ಗಾಳಿಯಲ್ಲಿ ತೂಗುವಾಗ ಬಿಗಿದರೆ, ಕೆಳಗಿಳಿದಾಗ ಒಳಗಿನ ರಬ್ಬರು ತಿರುಚಿಕೊಂಡು ಹರಿಯುತ್ತದೆ. ನೆಲದ ಮೇಲೆ ನಿಂತು, ಹೊರಬೇಕಾದ ಭಾರವನ್ನೆಲ್ಲ ಹೊತ್ತಮೇಲೇ ಬಿಗಿಯಬೇಕು.

"ಕೂತ್ಕೊಳ್ಳಿ ಭಾವ. ಅಕ್ಕಾ, ನೀನೂ ಹತ್ತು," ಎಂದು ಅವನು ಹಲಗೆಯ ಮೇಲೆ ಮಲಗಿ ಗಾಡಿಯ ಕೆಳಗೆ ಜಾರಿದ. ಮೇಲೆ ಬಾಗಿಲುಗಳು ಮುಚ್ಚಿಕೊಂಡ ಸದ್ದಾಯಿತು. ಮೊದಲ ಬೋಲ್ಟಿಗೆ ಪಾನಾ ಸಿಕ್ಕಿಸಿದ.

"ತಡಿಯೋ," ಎಂದಿತು ಭಾವನ ದನಿ. "ಆ ಮೂಟೆ ಇಳಿಸಿ ಆಮೇಲೆ ಬಿಗಿ ಮಾಡು."

ಪಾನಾ ತಿರುಗದೆ ಅಲ್ಲೇ ನಿಂತಿತು.

"ಯಾವ ಮೂಟೆ ರೀ?" ಎಂದಳು ಅಕ್ಕ. ಸುಳ್ಳು ಹೇಳಿ ಅವಳಿಗೆ ಅಭ್ಯಾಸವಿರಲಿಲ್ಲ.

"ನನ್ನ ಬೆನ್ನ ಹಿಂದೆ ಮೈದಾ ಇಟ್ಟು ಯಾವ ಮೂಟೆ ಅಂತ ಕೇಳ್ತೀಯಲ್ಲೇ! ಹಿಟ್ಟಿನಲ್ಲೇ ಹುಟ್ಟಿದ ಹಾಗೆ ಬದುಕಿದೋನು, ವಾಸನೆ ಗೊತ್ತಾಗಲ್ವಾ ನಂಗೆ? ಮನೇಲಿ ನೀನು ಏದುಸಿರು ಬಿಡ್ತಾ ಅದನ್ನ ಎತ್ತಿ ಇಡೋವಾಗ ಕಿಟಕೀಲೇ ನಿಂತಿದ್ದೆ. ಕೂಗೋಣ ಅಂದ್ಕೊಂಡೆ. ಆಮೇಲೆ ಸುಮ್ನಾದೆ, ನನಗೋಸ್ಕರ ಇಷ್ಟು ಕಷ್ಟಪಡ್ತಿದ್ದಾಳೆ, ಪಡ್ಲಿ ಅಂತ."

ಮೆಕ್ಯಾನಿಕ್ ಹೊರಗೆ ಬಂದು, ಹಿಂದಿನ ಬಾಗಿಲು ತೆಗೆದು ಮೂಟೆಯನ್ನು ಹೆಗಲಿಗೆ ಎಳೆದುಕೊಂಡ. ಗಾಡಿ ಆ ಕಡೆ ಕಣ್ಣಿಗೆ ಕಾಣುವಷ್ಟು ಮೇಲೆದ್ದಿತು.

"ಈಗ ನಾನು ಇಳೀತೀನಿ, ನೋಡು," ಎಂದು ಭಾವ ಬಾಗಿಲು ಹಿಡಿದು ನಿಧಾನವಾಗಿ ಒಂದೊಂದೇ ಕಾಲು ಕೆಳಗಿಟ್ಟರು.

ಗಾಡಿ ಇದ್ದ ಹಾಗೇ ಇತ್ತು. ಕೂತಲ್ಲಿಂದಲೇ ಬಗ್ಗಿದ ಅಕ್ಕನೂ ಸೇರಿ ಮೂವರೂ ಅದನ್ನೇ ನೋಡುತ್ತಿದ್ದರು.

"ಉಸ್ ಅನ್ನಲೇ ಇಲ್ಲವಲ್ಲೇ," ಎಂದರು ಭಾವ ಅಕ್ಕನಿಗೆ. ನಗಿಸಲು ಹೇಳಿದ್ದು. ಅವಳು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು.

ಭಾವ ಮೆಕ್ಯಾನಿಕ್ಕಿನ ಕಡೆ ತಿರುಗಿದರು. "ನೀನು ಹೋಗೋ ದಾರಿ ಭಾರ ಅಳೆದೆ. ಬರೋ ದಾರೀದು ಯಾರು ಅಳೀತಾರೆ?"

"ಬರೋ ದಾರೀದು..."

"ಬರೋವಾಗ ಟ್ಯಾಂಕಿನ ನೀರು ಖಾಲಿ. ಕ್ಯಾನಿನ ಡೀಸೆಲ್ಲು ಖಾಲಿ. ಒಲೆ ಅಲ್ಲೇ ಯಾರಿಗಾದ್ರೂ ಕೊಟ್ಟುಬಿಡ್ತೀನಿ."

"ಸಾಕು ಸುಮ್ನಿರ್ರೀ," ಎಂದಳು ಅಕ್ಕ.

"ಇಷ್ಟು ದಿನ ಸುಮ್ನೇ ಇದ್ದೆನಲ್ಲ. ನೀನೂ ಸುಮ್ನಿದ್ದೆ, ನಾನೂ ಸುಮ್ನಿದ್ದೆ. ಡಾಕ್ಟರು ನಿನ್ನನ್ನ ಹೊರಗೆ ಕರೆದಾಗಲೇ ನಂಗೆ ಗೊತ್ತಾಯ್ತು. ಒಳ್ಳೆ ಸುದ್ದಿ ಹೇಳೋಕೆ ಯಾರಾದ್ರೂ ಹೊರಗೆ ಕರೀತಾರಾ?" ಅವರು ಮತ್ತೆ ಮೆಕ್ಯಾನಿಕ್ಕಿನತ್ತ ನೋಡಿದರು. "ಖಾಲಿ ಗಾಡೀಲಿ ಗಟ್ಟಿ ಸ್ಪ್ರಿಂಗು ಸೊಂಟ ಮುರಿಯುತ್ತೆ ಅಂತ ನೀನೇ ಹೇಳಿದ್ದು. ಆ ಕಲ್ಲುದಾರೀಲಿ ನಿಮ್ಮಕ್ಕನ್ನ ಒಬ್ಬಳನ್ನೇ ಕೂರಿಸಿ ಎಗರಿಸ್ತೀಯಾ?"

ಮೆಕ್ಯಾನಿಕ್ಕಿನ ಹೆಗಲ ಮೇಲೆ ಮೂಟೆ ಇನ್ನೂ ಹಾಗೇ ಇತ್ತು. ಇಳಿಸಬೇಕೆಂಬುದೇ ಮರೆತುಹೋಗಿತ್ತು.

"ಮಧ್ಯದ್ದು ಹಾಕಿದ್ರೆ ಹೋಗೋವಾಗ ಹಿಂದೆ ಕೂರುತ್ತೆ ಭಾವ. ಕೆಳಗೆ ಬಡಿಯುತ್ತೆ. ನಿಮ್ಮ ಹೊಟ್ಟೆಗೆ ಆ ಕುಲುಕಾಟ ಆಗಲ್ಲ."

"ಬಡೀಲಿ ಬಿಡು. ಹೋಗೋವಾಗ ನಾನಿರ್ತೀನಲ್ಲ, ನಿಧಾನಕ್ಕೆ ಹೋಗೇ ಅಂತ ಹೇಳ್ತೀನಿ."

ಅವನು ಮತ್ತೆ ಜಾಕಿ ಕೊಟ್ಟ. ಬೆಳಗಿನಿಂದ ಮಾಡಿದ್ದನ್ನೆಲ್ಲ ಬಿಚ್ಚಿ, ಮಧ್ಯದ ಸ್ಪ್ರಿಂಗು ಕೂರಿಸಿದ. ಬರುವ ದಾರಿಯಲ್ಲಿ ಇರದ ಸಾಮಾನನ್ನೆಲ್ಲ ಅಕ್ಕ ತಾನೇ ಇಳಿಸಿದಳು. ಕ್ಯಾನುಗಳು, ಮನೆಯಲ್ಲಿ ಮೂಲೆ ಹಿಡಿದಿದ್ದ ಆ ಒಲೆ. ಯಾರೂ ಕೈ ಕೊಡದ ಹಾಗೆ ಸಿಟ್ಟಿನಿಂದ ಒಂದೊಂದನ್ನೂ ಎಳೆದು ಗೋಡೆಗೆ ಜೋಡಿಸಿದಳು. ಟ್ಯಾಂಕಿನ ಕೊಳಾಯಿ ತಿರುಗಿಸಿದಾಗ ನೀರು ಗ್ಯಾರೇಜಿನ ನೆಲದ ಎಣ್ಣೆ ಕಲೆಗಳ ಮೇಲೆ ಹರಿದು ಚರಂಡಿಗೆ ಹೋಯಿತು. ಭಾವ ಹಳೆಯ ಕಾರಿನ ಸೀಟೊಂದರ ಮೇಲೆ ಒರಗಿಕೊಂಡು ಕಣ್ಣು ಮುಚ್ಚಿದ್ದರು. ನಡುವೆ ಒಮ್ಮೆ ಒಂದು ಕಣ್ಣು ತೆರೆದು, "ಬಿಲ್ಲೆ ಬೇಡ," ಎಂದರು.

ಬಿಲ್ಲೆ ಮೆಕ್ಯಾನಿಕ್ಕಿನ ಪ್ಯಾಂಟಿನ ಜೇಬಿಗೆ ಹಿಡಿಸದೆ ಅರ್ಧ ಹೊರಗೆ ನಿಂತಿತ್ತು.

ಸಂಜೆಯ ಬಿಸಿಲು ಷಟರಿನ ಕೆಳಗಿನಿಂದ ಒಳಗೆ ಬಂದಾಗ ಚಕ್ರಗಳು ಮತ್ತೆ ನೆಲ ಮುಟ್ಟಿದವು.

"ಹತ್ತು," ಎಂದರು ಭಾವ.

"ನಾನು ಕೂರಲ್ಲ."

"ದಿನಾ ಬೆಳಿಗ್ಗೆ ವ್ಯಾನು ಹತ್ತುತ್ತಿದ್ದೆ. ಇದನ್ನ ಹತ್ತೋಕೆ ಏನಾಗಿದೆ?"

"ಆಗ ವಾಪಸ್ ಬಂದ್ರೆ ಒಲೆ ಮುಂದೆ ನೀವಿರ್ತಿದ್ರಿ."

ಭಾವ ಡ್ರೈವರ್ ಕಡೆಯ ಬಾಗಿಲು ತೆಗೆದು, ಹಿಡಿದುಕೊಂಡು ನಿಂತರು. ಬಾಗಿಲನ್ನು ಹಿಡಿದಿದ್ದರೋ, ಬಾಗಿಲೇ ಅವರನ್ನು ಹಿಡಿದಿತ್ತೋ. ಅದನ್ನು ಕಂಡು ಅಕ್ಕ ಓಡಿ ಬಂದು ಹತ್ತಿದಳು. ಅವರು ಬಾಗಿಲು ಹಾಕಿದರು.

ಮೆಕ್ಯಾನಿಕ್ ಎರಡೂ ಕಡೆ ಟೇಪು ಹಿಡಿದು ನೋಡಿದ.

"ಸಮ ಇದೆಯೇನೋ?"

"ಸಮ ಇದೆ ಭಾವ."

"ಹಂಗಾದ್ರೆ ಬಿಗಿ ಮಾಡು."

ಅವನು ಹಲಗೆಯ ಮೇಲೆ ಮಲಗಿ ಕೆಳಗೆ ಜಾರಿದ. ಕಣ್ಣು ಮಂಜಾಗಿ ಬೋಲ್ಟಿನ ತಲೆ ಕಾಣಲಿಲ್ಲ, ಬೆರಳಿನಿಂದ ತಡವಿ ಪಾನಾ ಸಿಕ್ಕಿಸಿದ. ಚಕ್ರದ ಪಕ್ಕದಲ್ಲಿ ಭಾವನ ಪಾದಗಳು ಕಾಣುತ್ತಿದ್ದವು. ಚಪ್ಪಲಿ ಅವರಿಗೆ ದೊಡ್ಡದಾಗಿತ್ತು. ಮೇಲೆ, ಭಾವ ಯಾವಾಗಲೂ ಪೂರ್ತಿ ಹಿಂದಕ್ಕೆ ತಳ್ಳಿಟ್ಟುಕೊಳ್ಳುತ್ತಿದ್ದ ಸೀಟಿನ ಕೊಂಡಿಯನ್ನು ಅಕ್ಕ ಎಳೆದದ್ದು ಕೇಳಿಸಿತು. ಸೀಟು ಕಟಕಟನೆ ಒಂದೊಂದೇ ಹಲ್ಲು ಮುಂದಕ್ಕೆ ಸರಿಯುತ್ತಾ ಬಂದು, ಅವಳ ಕಾಲು ಪೆಡಲಿಗೆ ಎಟುಕುವಲ್ಲಿ ನಿಂತಿತು.