ಗರಿಯ ನೊಣ

ಸ್ವರ್ಣಲತಾ ಮೂರನೇ ಸಲ ಎಣಿಸಿದಳು. ಮೂವತ್ತೈದೇ ಇದ್ದವು. ಶುಕ್ರವಾರದ ಪಾರ್ಸೆಲ್ಲಿಗೆ ಕಡಿಮೆ ಬೀಳುತ್ತದೆಂದು ನಿನ್ನೆ ಸಂಜೆ ಮೂರು ಡಜನ್ ಗಾಳದ ಕೊಕ್ಕೆ ಮನೆಗೆ ತಂದಿದ್ದಳು, ಸೆರಗಿನಲ್ಲಿ ಗಂಟು ಹಾಕಿ. ಬೆಳಕು ಹರಿಯುವ ಮೊದಲೇ ಎದ್ದು ಎಲ್ಲವನ್ನೂ ಕಟ್ಟಿ ಮುಗಿಸಿದ್ದಳು. ಒಂದು ಎಲ್ಲಿ ಹೋಯಿತು?

ಅಕ್ಕಿಕಾಳಿಗಿಂತ ತುಸು ದೊಡ್ಡದು. ಸಣ್ಣ ಕೊಕ್ಕೆಗೆ ಹುಂಜದ ಕುತ್ತಿಗೆಯ ಗರಿ ಸುತ್ತಿ ಮೇಣದ ದಾರದಲ್ಲಿ ಬಿಗಿದರೆ ನೊಣವೊಂದು ಕೂತಂತೆಯೇ. ದುಬಾಯಿಯಿಂದ ಮರಳಿದ ಉಮ್ಮರ್ ಬ್ಯಾರಿಗಳು ಗುರುವಾಯನಕೆರೆಯ ತಮ್ಮ ಅಂಗಡಿಯ ಮಾಳಿಗೆಯಲ್ಲಿ ಎಂಟು ಹೆಂಗಸರನ್ನು ಕೂರಿಸಿ ಇವನ್ನು ಕಟ್ಟಿಸುತ್ತಿದ್ದರು. ಇಂಗ್ಲೆಂಡಿನ ತಣ್ಣನೆಯ ಹೊಳೆಗಳಲ್ಲಿ ಟ್ರೌಟ್ ಎಂಬ ಮೀನು ಹಿಡಿಯುವವರಿಗೆ ಇದು ಬೇಕಂತೆ. ನಿಜವಾದ ನೊಣವೆಂದು ಮೀನು ಬಾಯಿ ಹಾಕುವಂತೆ ನೀರಿನ ಮೇಲೆ ತೇಲಬೇಕು; ಮುಳುಗಿದರೆ ವಾಪಸು.

ಗಂಡ ತೀರಿಕೊಂಡ ಮೇಲೆ ಎರಡು ವರ್ಷದಿಂದ ಮನೆ ನಡೆಯುತ್ತಿದ್ದದ್ದು ಇದರಿಂದಲೇ. ಆದರೆ ಮಾವ ಚಂದ್ರರಾಜರು ಬಸದಿ ನೋಡಿಕೊಳ್ಳುವವರು, ಅಂಗಳದ ಇರುವೆಸಾಲನ್ನೂ ದಾಟಿ ಕಾಲಿಡುವವರು. ಬಟ್ಟೆಗೆ ಹೂ ಹಾಕುವ ಕೆಲಸ ಎಂದು ಅವರಿಗೆ ಹೇಳಿಟ್ಟಿದ್ದಳು.

ಚಾಪೆ ಕೊಡವಿದಳು. ಸೀರೆಯ ನೆರಿಗೆ ಬಿಡಿಸಿ ನೋಡಿದಳು. ಮೊಣಕಾಲೂರಿ ಅಂಗೈಯಲ್ಲಿ ನೆಲ ಸವರುತ್ತಾ ಬಾಗಿಲವರೆಗೆ ಬಂದಾಗ ಜಗಲಿಯಿಂದ ಕರೆ ಕೇಳಿತು.

"ಸ್ವರ್ಣಾ."

ದನಿ ಎತ್ತಿರಲಿಲ್ಲ. ಅವಳು ಎದ್ದು ಹೊರಗೆ ಬಂದಳು.

ಮಾವ ಕಂಬಕ್ಕೆ ಒರಗಿ ಕೂತಿದ್ದರು. ಎಡಗಾಲಿನ ಹಿಮ್ಮಡಿಯ ಅಂಚಿನಲ್ಲಿ ಕಂದು ಗರಿ ಅಂಟಿಕೊಂಡಿತ್ತು. ಅವರು ಅದನ್ನು ಹಿಡಿದು ಎಳೆಯಹೋದರು.

"ಎಳಿಬೇಡಿ ಮಾವ. ತುದಿಯಲ್ಲಿ ಹಿಂದೆ ಬಾಗಿದ ಮುಳ್ಳುಂಟು. ಎಳೆದಷ್ಟೂ ಒಳಗೆ ಕಚ್ತದೆ."

"ನಿನಗೆ ಹೇಗೆ ಗೊತ್ತು?"

ಅವಳು ಒಳಗಿನಿಂದ ದಾರ ತಂದಳು. ಮಾಳಿಗೆಯಲ್ಲಿ ಪಕ್ಕದಲ್ಲಿ ಕೂರುವ ನಬೀಸಾಳ ಬೆರಳಿಗೆ ಚುಚ್ಚಿದಾಗ ಬ್ಯಾರಿಗಳು ತೆಗೆದ ರೀತಿ ನೆನಪಿತ್ತು. ಕೊಕ್ಕೆಯ ಬಾಗಿಗೆ ದಾರ ಸಿಕ್ಕಿಸಿದಳು, ಹಿಂಬದಿಯನ್ನು ಹೆಬ್ಬೆರಳಲ್ಲಿ ಒತ್ತಿ ಹಿಡಿದಳು. ಒಮ್ಮೆಲೇ ಜಗ್ಗಿದಳು. ಕೊಕ್ಕೆ ಹಾರಿ ಮೆಟ್ಟಿಲಿನ ಮೇಲೆ ಬಿತ್ತು. ಹಿಮ್ಮಡಿಯಲ್ಲಿ ಒಂದು ಹನಿ ರಕ್ತ.

ಮಾವ ಕೊಕ್ಕೆಯನ್ನೇ ನೋಡಿದರು. "ಇದಾ ನಿನ್ನ ಹೂವಿನ ಕೆಲಸ?"

ಅವಳು ಎಲ್ಲವನ್ನೂ ಹೇಳಿದಳು.

"ಹಿಡಿದದ್ದನ್ನು ತಿಂತಾರಾ?"

"ಕೆಲವರು ವಾಪಸು ನೀರಿಗೆ ಬಿಡ್ತಾರಂತೆ. ಬ್ಯಾರಿಗಳು ಹೇಳಿದ್ದು. ನಾನು ನೋಡ್ಲಿಲ್ಲ."

"ಬಾಯಿಯಿಂದ ಕೀಳುವಾಗ ಅದಕ್ಕೆ ನೋಯುವುದಿಲ್ಲವಾ?"

"ಗೊತ್ತಿಲ್ಲ ಮಾವ."

"ನನಗೆ ಈಗ ಗೊತ್ತುಂಟು," ಎಂದು ಅವರು ಎದ್ದು, ಕುಂಟುತ್ತಾ ಬಸದಿಗೆ ಹೋದರು.

ಆ ದಿನ ಮಾಳಿಗೆಯಲ್ಲಿ ಅವಳ ದಾರ ಎರಡು ಸಲ ತುಂಡಾಯಿತು. ಮಾವ ಮನೆ ಬಿಟ್ಟು ಹೋಗು ಎಂದರೆ ಎಲ್ಲಿಗೆ ಹೋಗುವುದು? ಈ ಕೆಲಸ ಬಿಡು ಎಂದರೆ ಮರುದಿನ ಒಲೆಯ ಮೇಲೆ ಏನಿಡುವುದು? ಅವರು ಏನನ್ನೂ ಹೇಳದೆ ಇದ್ದುಬಿಟ್ಟರೆ ಎಂಬುದೇ ಹೆಚ್ಚು ಹೆದರಿಸಿತು. "ಹುಷಾರಿಲ್ಲವಾ?" ಎಂದು ನಬೀಸಾ ಕೇಳಿದಾಗ ಹೊಸ ದಾರಕ್ಕೆ ಮೇಣ ಸವರತೊಡಗಿದಳು.

ಸಂಜೆ ಬಸ್ಸಿಳಿದು ಬಂದಾಗ ಹೊತ್ತು ಮುಳುಗಿರಲಿಲ್ಲ. ಮಾವ ವಾಡಿಕೆಯಂತೆ ಆಗಲೇ ಊಟ ಮುಗಿಸಿ ಜಗಲಿಯಲ್ಲಿದ್ದರು. ಹಿಮ್ಮಡಿಗೆ ಅರಸಿನ ಮೆತ್ತಿತ್ತು. ಎದುರಿಗೆ ನೀರು ತುಂಬಿದ ಬೋಗುಣಿ.

"ತೇಲಬೇಕು ಅಂದೆಯಲ್ಲ. ಒಂದು ಬಿಡು, ನೋಡುವ."

ಅವಳು ಚೀಲದಿಂದ ಒಂದನ್ನು ತೆಗೆದು ನೀರಿಗೆ ಬಿಟ್ಟಳು. ಗರಿಯ ಎಳೆಗಳ ತುದಿಯಲ್ಲಿ ನಿಂತು ಅದು ಮೆಲ್ಲನೆ ತಿರುಗಿತು. ಮಾವ ಬಹಳ ಹೊತ್ತು ಬಗ್ಗಿ ನೋಡಿದರು.

"ಮೀನಿಗೆ ತಿಳಿಯುವುದಿಲ್ಲ," ಎಂದರು. "ನನಗೇ ತಿಳಿಯುವುದಿಲ್ಲ."

ಅವಳು ಚೀಲದ ಬಾಯಿ ಕಟ್ಟಿದಳು.

"ನಾಳೆ ಬಸ್ಸು ಎಷ್ಟು ಗಂಟೆಗೆ?"

"ಏಳೂವರೆಗೆ."

ಅಷ್ಟರಲ್ಲಿ ಎಲ್ಲಿಂದಲೋ ಒಂದು ಹುಳ ಬಂದು ಬೋಗುಣಿಗೆ ಬಿದ್ದು ರೆಕ್ಕೆ ಬಡಿಯತೊಡಗಿತು. ಮಾವ ಕೈಚಾಚಿ ಒಂದು ಎಲೆ ಕಿತ್ತು ಅದರ ಅಡಿಗೆ ತೂರಿಸಿದರು, ಜಾಗ್ರತೆಯಿಂದ ಎತ್ತಿ ಕಟ್ಟೆಯ ಮೇಲೆ ಇಟ್ಟರು. ಅದು ರೆಕ್ಕೆ ಒಣಗಿಸಿಕೊಳ್ಳುವುದನ್ನು ಇಬ್ಬರೂ ನೋಡುತ್ತಾ ಕೂತರು. ಬೋಗುಣಿಯಲ್ಲಿ ಗರಿಯ ನೊಣ ಹಾಗೆಯೇ ತೇಲುತ್ತಿತ್ತು.